ಪ್ರಿಂಟರ್ ಯಾವ ಭಾಷೆ ಆಡುತ್ತದೆ?

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದಿಂದ ಹೊರಗೆ ಬಂದರೆ ಸಿಗುವುದೇ ಲಂಕಾ. ಔಷಧಿ ಅಂಗಡಿ, ಲಸ್ಸಿ, ಹಳೆಯ ಪುಸ್ತಕ, ಇ-ರಿಕ್ಷಾಗಳ ಗದ್ದಲ. ಇವುಗಳ ನಡುವೆ ಪ್ರಬಂಧ ಮುದ್ರಿಸಿ ಬೈಂಡ್ ಮಾಡಿಕೊಡುವ ಪುಟ್ಟ ಪುಟ್ಟ ಅಂಗಡಿಗಳು. ಬೋರ್ಡುಗಳ ಮೇಲೆ 'ಫೋಟೋಸ್ಟೇಟ್' ಎಂದಿರುತ್ತದೆ. ಕರ್ನಾಟಕದಿಂದ ಹೋದವರ ಬಾಯಲ್ಲಿ ಬರುವುದು 'ಜೆರಾಕ್ಸ್'. ಎರಡೂ ಮೂಲದಲ್ಲಿ ಅಮೆರಿಕದ ಕಂಪನಿಗಳ ಹೆಸರುಗಳೇ. ಉತ್ತರದವರು ಒಂದನ್ನು ಸಾಮಾನ್ಯನಾಮ ಮಾಡಿಕೊಂಡರು, ದಕ್ಷಿಣದವರು ಇನ್ನೊಂದನ್ನು. ಈ ಲೇಖನದ ನಡುವೆ ಜೆರಾಕ್ಸ್ ಮತ್ತೊಮ್ಮೆ ಬರಲಿದೆ, ಆಗ ಕಂಪನಿಯಾಗಿಯೇ.

ಇಂಥ ಒಂದು ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಬಾರಣಾಸಿಯಲ್ಲೇ ಆಗಬೇಕೆಂದೇನಿಲ್ಲ, ಧಾರವಾಡದ ಸಪ್ತಾಪುರದಲ್ಲೋ ಮೈಸೂರಿನ ಸರಸ್ವತಿಪುರಂನಲ್ಲೋ ಇದ್ದರೂ ಕತೆ ಇದೇ. ಗಲ್ಲಾಪೆಟ್ಟಿಗೆಯ ಪಕ್ಕ ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್. ಅದರ ಪಕ್ಕ ಭಾರತದ ಅಂಗಡಿ, ಕಚೇರಿ, ವಕೀಲರ ಕೋಣೆಗಳಲ್ಲೆಲ್ಲ ಕಾಣಸಿಗುವ ಬೆಳ್ಳನೆಯ ಡುಬ್ಬು ಬೆನ್ನಿನ ಕ್ಯಾನನ್ ಎಲ್‌ಬಿಪಿ 2900. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಈ ಡೆಸ್ಕ್‌ಟಾಪ್‌ನಲ್ಲಿಲ್ಲ. ಪ್ರಬಂಧ ಮುದ್ರಿಸಲು ಬಂದ ವಿದ್ಯಾರ್ಥಿಯೊಬ್ಬ, ಜಂಗಮವಾಡಿ ಮಠದ ಆಸುಪಾಸಿನಲ್ಲಿ ಉಳಿದುಕೊಂಡ ಕನ್ನಡದ ಹುಡುಗನೇ ಎಂದುಕೊಳ್ಳಿ, "ಭೈಯಾ, ಹೊಸ ಕಂಪ್ಯೂಟರ್ ಯಾಕೆ? ಇದಕ್ಕೆ ಲಿನಕ್ಸ್ ಹಾಕಿಕೊಡುತ್ತೇನೆ" ಎನ್ನುತ್ತಾನೆ. ಅರ್ಧ ಗಂಟೆಯಲ್ಲಿ ಲಿನಕ್ಸ್ ಮಿಂಟ್ ಕೂರುತ್ತದೆ. ಬ್ರೌಸರ್ ತೆರೆಯುತ್ತದೆ, ವೈಫೈ ಹಿಡಿಯುತ್ತದೆ, ಹಿಂದಿ ಮೂಡುತ್ತದೆ, ಹುಡುಗನ ಕನ್ನಡ ಫೈಲೂ ಒತ್ತಕ್ಷರ ಸಮೇತ ತೆರೆದುಕೊಳ್ಳುತ್ತದೆ. ಆದರೆ ಮುದ್ರಿಸು ಎಂದರೆ ಪ್ರಿಂಟರ್ ಮಾತ್ರ ಮಿಸುಕುವುದಿಲ್ಲ.

ಇಲ್ಲಿಂದ ಮುಂದೆ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ. ಅಂಗಡಿಯವರದು: ಪುಕ್ಕಟೆ ಸಿಕ್ಕಿದ್ದು ಇಷ್ಟೇ. ಲಿನಕ್ಸ್ ಅಭಿಮಾನಿಗಳದು: ಪ್ರಿಂಟರ್ ಕೊಳ್ಳುವ ಮುಂಚೆಯೇ ನೋಡಿಕೊಳ್ಳಬೇಕಿತ್ತು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಉದ್ಧಟತನ. ಹತ್ತು ವರ್ಷದ ಹಿಂದೆ ಒಂದು ಯಂತ್ರ ಕೊಂಡವನು ಹತ್ತು ವರ್ಷದ ನಂತರ ತನ್ನ ಕಂಪ್ಯೂಟರಿಗೆ ಏನಾಗಬಹುದೆಂದು ಯೋಚಿಸಿ ಕೊಳ್ಳಬೇಕಿತ್ತು ಎನ್ನುವುದು ಯಾವ ನ್ಯಾಯ? ತಗಾದೆ ಇರುವುದು ಲಿನಕ್ಸಿನಲ್ಲೂ ಅಲ್ಲ, ಕೊಂಡವನಲ್ಲೂ ಅಲ್ಲ. ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವೆ ನಡೆಯುವ ಮಾತುಕತೆಯ ಭಾಷೆ ಯಾರ ಸ್ವತ್ತು ಎನ್ನುವುದರಲ್ಲಿದೆ.

ಒಂದು ಕನ್ನಡ ಪುಟ ಕಾಗದದ ಮೇಲೆ ಬರುವ ದಾರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬರಹದಲ್ಲಿರುವುದು ಅಕ್ಷರಗಳ ಸಂಕೇತಗಳು. ಕ, ಹಲಂತ, ಷ ಒಟ್ಟಾಗಿ ಕ್ಷ ಆಗಬೇಕು, ಅದರ ಕೆಳಗೆ ಮ ಒತ್ತು ಬರಬೇಕು ಎಂದು ನಿರ್ಧರಿಸಿ ಅಚ್ಚುಗಳನ್ನು ಜೋಡಿಸುವುದು ಕಂಪ್ಯೂಟರಿನ ಕೆಲಸ. ಹಾಗೆ ಜೋಡಿಸಿದ ಪುಟ ಈಗಿನ ಲಿನಕ್ಸಿನಲ್ಲಿ ಒಂದು ಪಿಡಿಎಫ್ ಆಗುತ್ತದೆ. ಆಮೇಲೆ ಅದನ್ನು ಚುಕ್ಕಿಗಳಾಗಿ ಒಡೆಯುತ್ತಾರೆ, ಇಂಚಿಗೆ 600 ಚುಕ್ಕಿ ಅನ್ನುವ ಲೆಕ್ಕದಲ್ಲಿ. ಕೊನೆಗೆ ಆ ಚುಕ್ಕಿಗಳನ್ನು "ಇಷ್ಟು ಅಗಲದ ಕಾಗದ, ಇಂಥ ತಟ್ಟೆಯಿಂದ, ಇಲ್ಲಿಂದ ಶುರು, ಇಲ್ಲಿಗೆ ಪುಟ ಮುಗಿಯಿತು" ಎಂಬ ಆಜ್ಞೆಗಳ ಜೊತೆ ಪ್ರಿಂಟರಿಗೆ ಅರ್ಥವಾಗುವ ಭಾಷೆಯಲ್ಲಿ ಕಟ್ಟಿ ಕಳಿಸಬೇಕು. ಈ ಕಡೆಯ ಮೆಟ್ಟಿಲಿನಲ್ಲಿ ಕೂತಿರುವ ತಂತ್ರಾಂಶದ ಹೆಸರೇ ಡ್ರೈವರ್. ಕನ್ನಡದಲ್ಲಿ ಇದನ್ನು 'ಚಾಲಕ' ಎಂದು ಅನುವಾದಿಸುವ ರೂಢಿಯಿದೆ. ದುಭಾಷಿ ಎಂದಿದ್ದರೆ ಅದು ಮಾಡುವ ಕೆಲಸ ಹೆಸರಿನಲ್ಲೇ ತಿಳಿಯುತ್ತಿತ್ತು.

ದುಭಾಷಿಯ ಅಗತ್ಯ ಮೊದಲಿನಿಂದಲೂ ಇತ್ತು. ಆದರೆ ಎಷ್ಟು ಭಾಷೆಗಳಿದ್ದವು, ಅವುಗಳ ವ್ಯಾಕರಣ ಯಾರ ಕೈಗೆ ಸಿಗುತ್ತಿತ್ತು ಎಂಬುದು ಕಾಲಕಾಲಕ್ಕೆ ಬದಲಾಗಿದೆ. ರೈಲ್ವೆ, ಬ್ಯಾಂಕು, ವಿದ್ಯುತ್ ಬಿಲ್ಲುಗಳ ಕರ್ಕಶ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳ ಕಾಲದಲ್ಲಿ ಎಪ್ಸನ್ ಕಂಪನಿಯ ಆಜ್ಞಾಭಾಷೆಯನ್ನು ಉಳಿದ ಕಂಪನಿಗಳೂ ಕಲಿತುಕೊಂಡವು. ಪ್ರಿಂಟರಿನ ಜೊತೆ ಬರುವ ಕೈಪಿಡಿಯಲ್ಲೇ ಆಜ್ಞೆಗಳ ಪಟ್ಟಿ ಇರುತ್ತಿತ್ತು. ಓದಿಕೊಂಡವರು ಯಾರು ಬೇಕಾದರೂ ಅದಕ್ಕೆ ಪ್ರೋಗ್ರಾಂ ಬರೆಯಬಹುದಿತ್ತು. ಆಗ ಪಕ್ಷಪಾತ ಇನ್ನೊಂದು ಜಾಗದಲ್ಲಿತ್ತು. ಇಂಗ್ಲಿಷ್ ಅಕ್ಷರಗಳು ಯಂತ್ರದ ಹೊಟ್ಟೆಯಲ್ಲೇ ಕೂತಿದ್ದವು. ಕನ್ನಡ, ದೇವನಾಗರಿಗಳನ್ನು ಚಿತ್ರ ಬಿಡಿಸಿದಂತೆ ಚುಕ್ಕಿ ಚುಕ್ಕಿಯಾಗಿ ಕಳಿಸಬೇಕಿತ್ತು, ನಿಧಾನವಾಗಿ. ಈಗ ಎಲ್ಲವೂ ಚುಕ್ಕಿಯೇ. ಈ ಒಂದು ವಿಷಯದಲ್ಲಿ ಪ್ರಿಂಟರಿನ ಮುಂದೆ ಇಂಗ್ಲಿಷೂ ಕನ್ನಡವೂ ಸಮಾನ. ಲಿನಕ್ಸಿನಲ್ಲಿ ಕನ್ನಡ ಮುದ್ರಣವಾಗದಿದ್ದರೆ ಅದಕ್ಕೆ ಕನ್ನಡ ಕಾರಣವಾಗುವುದು ಅಪರೂಪ.

ಲೇಸರ್ ಪ್ರಿಂಟರ್ ಮೇಜಿನ ಮೇಲೆ ಬಂದಿದ್ದು 1984–85ರಲ್ಲಿ. ಎಚ್‌ಪಿಯ ಲೇಸರ್‌ಜೆಟ್, ಆಪಲ್ಲಿನ ಲೇಸರ್‌ರೈಟರ್, ಎರಡರೊಳಗೂ ಇದ್ದದ್ದು ಕ್ಯಾನನ್ ತಯಾರಿಸಿದ ಒಂದೇ ಯಂತ್ರಭಾಗ. ಆಡುವ ಭಾಷೆ ಮಾತ್ರ ಬೇರೆ: ಒಂದರದು ಪಿಸಿಎಲ್, ಇನ್ನೊಂದರದು ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್. ಆದರೆ ಪೋಸ್ಟ್‌ಸ್ಕ್ರಿಪ್ಟಿನ ವ್ಯಾಕರಣವನ್ನು ಅಡೋಬಿ 1985ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿತು. ಭಾಷೆಗೆ ಒಡೆಯನಿದ್ದ, ಗುಟ್ಟಿರಲಿಲ್ಲ. ತೊಂದರೆ ದುಡ್ಡಿನದು. ಇಂಥ ಸಮೃದ್ಧ ಭಾಷೆ ಅರ್ಥವಾಗಬೇಕಾದರೆ ಪ್ರಿಂಟರಿನೊಳಗೇ ಒಂದು ಒಳ್ಳೆಯ ಕಂಪ್ಯೂಟರ್ ಇರಬೇಕು. ಆಪಲ್ಲಿನ ಆ ಪ್ರಿಂಟರಿನಲ್ಲಿ ಅದಕ್ಕೆ ಜೋಡಿಸುತ್ತಿದ್ದ ಮ್ಯಾಕಿಂಟೋಷ್‌ಗಿಂತ ಹೆಚ್ಚು ಮೆಮೊರಿ ಇತ್ತು. ಬೆಲೆ ಸುಮಾರು ಏಳು ಸಾವಿರ ಡಾಲರ್.

ಬೆಲೆ ಇಳಿಸುವ ಉಪಾಯ ಸರಳವಾಗಿತ್ತು: ಪ್ರಿಂಟರಿನ ಮಿದುಳನ್ನು ತೆಗೆದುಹಾಕು, ಅದರ ಕೆಲಸವನ್ನೆಲ್ಲ ಗ್ರಾಹಕನ ಕಂಪ್ಯೂಟರಿಗೆ ಹೊರಿಸು. ಗ್ರಾಹಕನ ಕಂಪ್ಯೂಟರ್ ಎಂದರೆ ವಿಂಡೋಸ್ ಎಂದೇ ಲೆಕ್ಕ. ಹೀಗೆ ತೊಂಬತ್ತರ ದಶಕದ ಕೊನೆಯಿಂದ ಅಗ್ಗದ ಪ್ರಿಂಟರುಗಳ ಮಳೆ ಸುರಿಯಿತು. ಭಾರತದ ಸಣ್ಣ ಅಂಗಡಿಗೆ ಲೇಸರ್ ಮುದ್ರಣ ಕೈಗೆಟುಕಿದ್ದು ಈ ಉಪಾಯದಿಂದಲೇ, ಇದನ್ನು ಒಪ್ಪಬೇಕು. ಆದರೆ ಮಿದುಳು ತೆಗೆದವರು ಪ್ರಿಂಟರಿಗೂ ಡ್ರೈವರಿಗೂ ನಡುವೆ ಉಳಿದ ಸಣ್ಣ ಮಾತುಕತೆಯನ್ನು ಗುಟ್ಟಾಗಿಸಿಬಿಟ್ಟರು. ಪ್ರಕಟಿಸುವ ಅಗತ್ಯವೇ ಅವರಿಗೆ ಕಾಣಲಿಲ್ಲ, ಡ್ರೈವರ್ ಬರೆಯುವವರು ತಾವೇ ಆಗಿದ್ದರಲ್ಲ.

ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020 ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಕಳೆದ ಇಪ್ಪತ್ತು ವರ್ಷ ಭಾರತದ ಕಾಗದಪತ್ರ ವ್ಯವಹಾರವನ್ನು ಹೊತ್ತುಕೊಂಡು ಬಂದ ಯಂತ್ರಗಳು. ಒಳಗಿನ ಕ್ಯಾನನ್ ಯಂತ್ರಭಾಗ ಒಂದೇ ಕುಲದ್ದು. ಒಂದಕ್ಕೆ 303, ಇನ್ನೊಂದಕ್ಕೆ 12ಎ ಎಂದು ಕಾರ್ಟ್ರಿಡ್ಜಿನ ಹೆಸರು ಬೇರೆಯಾದರೂ ಟೋನರ್ ತುಂಬುವ ಹುಡುಗನಿಗೆ ಎರಡೂ ಒಂದೇ. ಆದರೆ ಕಂಪ್ಯೂಟರಿನ ಜೊತೆ ಒಂದು ಆಡುವುದು ಕ್ಯಾಪ್ಟ್ ಎಂಬ ಭಾಷೆ, ಇನ್ನೊಂದು ಜೆಡ್‌ಜೆಸ್ಟ್ರೀಮ್. ಒಂದೇ ತಾಯಿಯ ಮಕ್ಕಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಇಬ್ಬರದೂ ಹೊರಗಿನವರಿಗೆ ತಿಳಿಯದು.

1020ರ ಪಾಡು ಇನ್ನೂ ಸ್ವಾರಸ್ಯಕರ. ಅದಕ್ಕೆ ನೆನಪಿನ ಶಕ್ತಿಯೇ ಇಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದನ್ನು ಪ್ರಿಂಟರನ್ನಾಗಿ ಮಾಡುವ ಫರ್ಮ್‌ವೇರನ್ನು ಕಂಪ್ಯೂಟರೇ ಮತ್ತೆ ಕಳಿಸಬೇಕು. ಕರೆಂಟ್ ಹೋಗಿಬಂದರೆ ಮತ್ತೆ ಮೊದಲಿನಿಂದ. ವಿಂಡೋಸಿನಲ್ಲಿ ಇದು ತೆರೆಮರೆಯಲ್ಲಿ ನಡೆಯುತ್ತದೆ. ಲಿನಕ್ಸಿಗೆ ಎಚ್‌ಪಿಯೇ ಎಚ್‌ಪಿಲಿಪ್ ಎಂಬ ಮುಕ್ತ ತಂತ್ರಾಂಶ ಕೊಟ್ಟಿದೆ, ಹಲವು ಮಾದರಿಗಳಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ 1020ರಂಥವಕ್ಕೆ ಅದರ ಜೊತೆ ಒಂದು ಮುಚ್ಚಿದ ಪ್ಲಗಿನ್ ಬೇರೆ ಇಳಿಸಿಕೊಳ್ಳಬೇಕು. ಎಚ್‌ಪಿಲಿಪ್‌ನ ಆವೃತ್ತಿ ಬದಲಾದರೆ ಪ್ಲಗಿನ್ನೂ ಬದಲಾಗಬೇಕು. ನಿನ್ನೆಯವರೆಗೆ ಮುದ್ರಿಸುತ್ತಿದ್ದ ಯಂತ್ರ ಇಂದು ಅಪ್‌ಡೇಟ್ ಆದ ಮೇಲೆ ಮೂಕವಾಗಲು ಬಹಳ ಸಲ ಕಾರಣ ಇಷ್ಟೇ.

2900ಕ್ಕೆ ಕ್ಯಾನನ್ ಕೂಡ ಲಿನಕ್ಸ್ ಡ್ರೈವರ್ ಹೊರತಂದಿತ್ತು. ಆದರೆ ಅದರ ಮುಖ್ಯ ಭಾಗ ಇಂಟೆಲ್ ಮಾದರಿಯ ಯಂತ್ರಗಳಿಗೆಂದು ಮೊದಲೇ ಬೇಯಿಸಿಟ್ಟ ಅಡುಗೆ. 64 ಬಿಟ್ ಲಿನಕ್ಸಿನಲ್ಲೂ ಹಳೆಯ 32 ಬಿಟ್ ಗ್ರಂಥಾಲಯಗಳನ್ನು ಕೇಳುತ್ತದೆ. ರಾಸ್ಪ್‌ಬೆರಿ ಪೈಯಂಥ ಅಗ್ಗದ ಪುಟ್ಟ ಯಂತ್ರವನ್ನು ಪ್ರಿಂಟರಿಗೆ ಜೋಡಿಸಿ ಇಡೀ ಮನೆಗೆ ಹಂಚಿಕೊಳ್ಳೋಣವೆಂದರೆ, ಅದರ ಪ್ರೊಸೆಸರೇ ಬೇರೆ ಜಾತಿಯದು, ಈ ಅಡುಗೆ ಅಲ್ಲಿ ನಡೆಯದು. ಗುಟ್ಟಿನ ಭಾಷೆಯನ್ನು ತಂತಿಯ ಮೇಲೆ ಕದ್ದು ಕೇಳಿ, ಊಹಿಸಿ, ಬಿಡಿಸಿ, ಸ್ವತಂತ್ರವಾಗಿ ಡ್ರೈವರ್ ಬರೆದವರೂ ಇದ್ದಾರೆ. ಗೊತ್ತಿಲ್ಲದ ಲಿಪಿಯ ಶಾಸನ ಓದುವವರಿಗಿಂತ ಇವರ ಕೆಲಸ ಕಡಿಮೆಯದೇನಲ್ಲ. ಆದರೆ ಶಾಸನ ಬರೆಸಿದವನು ಬದುಕಿದ್ದು, ಎದುರಿಗೇ ಕೂತು, ಅರ್ಥ ಹೇಳುವುದಿಲ್ಲ ಎಂದರೆ ಹೇಗೆ?

ಲಿನಕ್ಸ್ ಬಳಸುವವರು ಪ್ರಿಂಟರಿನ ಕೈಯಲ್ಲಿ ಸೋಲುವುದು ಒಂದು ವಿಚಿತ್ರ ಸೇಡಿನಂತೆ ಕಾಣುತ್ತದೆ, ಯಾಕೆಂದರೆ ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದರ ಹಿಂದೆಯೂ ಒಂದು ಪ್ರಿಂಟರಿದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ವೇಗವೇನೋ ಇತ್ತು, ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ಪ್ರೋಗ್ರಾಮನ್ನು ರಿಚರ್ಡ್ ಸ್ಟಾಲ್‌ಮನ್ ತಿದ್ದಿ, ಕಾಗದ ಸಿಕ್ಕಿಕೊಂಡರೆ ಮುದ್ರಣಕ್ಕೆ ಕಾಯುತ್ತಿರುವವರಿಗೆಲ್ಲ ಸಂದೇಶ ಹೋಗುವಂತೆ ಮಾಡಿದ್ದರು. ಹೊಸದಕ್ಕೂ ಹಾಗೆಯೇ ಮಾಡೋಣವೆಂದರೆ ಪ್ರೋಗ್ರಾಮಿನ ಮೂಲ ಬರಹವೇ ಸಿಗಲಿಲ್ಲ. ಅದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆಯೆಂದು ತಿಳಿದು ಅಲ್ಲಿಗೆ ಹೋದಾಗ, ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಗ್ನು ಯೋಜನೆಯನ್ನು ಸ್ಟಾಲ್‌ಮನ್ ಘೋಷಿಸಿದ್ದು 1983ರ ಸೆಪ್ಟೆಂಬರಿನಲ್ಲಿ. ಒಂದು ಪ್ರಿಂಟರಿನಿಂದಲೇ ಎಲ್ಲವೂ ಆಯಿತೆನ್ನುವುದು ಉತ್ಪ್ರೇಕ್ಷೆ. ಆದರೆ ಆ 'ಕೊಡುವುದಿಲ್ಲ' ಅವರನ್ನು ಎಷ್ಟು ಚುಚ್ಚಿತ್ತೆಂದು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ.

ಮುದ್ರಣದ ಲೋಕ ಹೀಗೇ ಗುಟ್ಟಿನಿಂದ ನಡೆದುಬಂದಿದ್ದೇನಲ್ಲ. ಕಾಶಿಯೇ ಇದಕ್ಕೆ ಸಾಕ್ಷಿ. ಇಲ್ಲಿಯ ಸಂಸ್ಕೃತ ಕಾಲೇಜಿನ 'ಪಂಡಿತ್' ಪತ್ರಿಕೆ 1866ರಲ್ಲಿ ಶುರುವಾಯಿತು; ಚೌಖಂಬಾ ಸಂಸ್ಕೃತ ಮಾಲೆ 1892ರಲ್ಲಿ; ನಾಗರೀ ಪ್ರಚಾರಿಣೀ ಸಭಾ 1893ರಲ್ಲಿ. ಇಷ್ಟೊಂದು ಮುದ್ರಿಸಿದ್ದೆಲ್ಲ ಸೀಸದ ಮೊಳೆಗಳಿಂದ. ಒಬ್ಬ ಎರಕ ಹೊಯ್ದ ಮೊಳೆ ಇನ್ನೊಬ್ಬನ ಪ್ರೆಸ್ಸಿನಲ್ಲಿ ಕೂರಬೇಕಾದರೆ ಒಂದೇ ಒಂದು ಒಪ್ಪಂದ ಬೇಕಿತ್ತು: ಮೊಳೆಯ ಎತ್ತರ. ಇಂಗ್ಲಿಷ್–ಅಮೆರಿಕನ್ ಪದ್ಧತಿಯಲ್ಲಿ ಅದು 0.918 ಇಂಚು. ಎತ್ತರ ಸರಿಯಿದ್ದರೆ ಅಕ್ಷರ ಯಾವ ಲಿಪಿಯದಾದರೂ, ಯಂತ್ರ ಯಾವ ಕಂಪನಿಯದಾದರೂ ಕಾಗದಕ್ಕೆ ಮಸಿ ತಾಗುತ್ತಿತ್ತು. ಪ್ರೆಸ್ ಮಾಡಿದವನು ತನ್ನ ಯಂತ್ರಕ್ಕೆ ತನ್ನದೇ ಮೊಳೆ ಮಾತ್ರ ಹಿಡಿಸಬೇಕೆಂದು ಹಟ ಹಿಡಿದಿದ್ದರೆ, ಕನ್ನಡ ದೇವನಾಗರಿಗಳಿಗೆ ಮೊಳೆ ಮಾಡಿಕೊಡಲು ಅವನು ಯಾವ ಶತಮಾನದಲ್ಲಿ ಬರುತ್ತಿದ್ದನೋ!

ಪ್ರಿಂಟರುಗಳಿಗೆ ಈ ಮೊಳೆಯ ಎತ್ತರದಂಥ ಒಪ್ಪಂದ ಬಂದಿದ್ದು ತಡವಾಗಿ, ಬಂದ ದಾರಿಯೂ ಯಾರೂ ನಿರೀಕ್ಷಿಸಿದ್ದಲ್ಲ. ಲಿನಕ್ಸಿನ ಕಡೆಯಿಂದ ಕೆಲಸ ಬೇಗ ಶುರುವಾಗಿತ್ತು. ಮೈಕೆಲ್ ಸ್ವೀಟ್ ಎಂಬವರು 1997ರಲ್ಲಿ ಆರಂಭಿಸಿ 1999ರಲ್ಲಿ ಹೊರತಂದ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯನ್ನು ಆಪಲ್ 2002ರಲ್ಲಿ ತನ್ನ ಮ್ಯಾಕ್‌ಗಳಿಗೆ ತೆಗೆದುಕೊಂಡಿತು. 2007ರಲ್ಲಿ ಕಪ್ಸನ್ನೇ ಕೊಂಡು ಸ್ವೀಟ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಅಂದರೆ ದುಬಾರಿ ಮ್ಯಾಕ್‌ನಲ್ಲೂ ಪುಕ್ಕಟೆ ಲಿನಕ್ಸಿನಲ್ಲೂ ಮುದ್ರಣ ಮಾಡಿಸುವ ಬುನಾದಿ ಒಂದೇ. ಕಪ್ಸ್ ನಿಂತಿರುವುದು ಐಪಿಪಿ ಎಂಬ ಪ್ರಕಟಿತ ಭಾಷೆಯ ಮೇಲೆ. "ನೀನು ಯಾರು? ಯಾವ ಅಳತೆಯ ಕಾಗದ ಇದೆ? ಎರಡೂ ಬದಿ ಮುದ್ರಿಸಬಲ್ಲೆಯಾ? ಬಣ್ಣ ಇದೆಯಾ?" ಎಂದು ಕಂಪ್ಯೂಟರ್ ಕೇಳಲು, ಪ್ರಿಂಟರ್ ತಾನೇ ಉತ್ತರಿಸಲು ಅದರಲ್ಲಿ ಅವಕಾಶವಿದೆ. ಉತ್ತರ ಸಿಕ್ಕಿದರೆ ಮಾದರಿಗೊಬ್ಬ ದುಭಾಷಿ ಬೇಕಾಗಿಲ್ಲ. ಆದರೆ ಅಗ್ಗದ ಪ್ರಿಂಟರ್ ಮಾಡುವವರು ಈ ಭಾಷೆ ಕಲಿಯುವ ಗೋಜಿಗೆ ವರ್ಷಗಟ್ಟಲೆ ಹೋಗಲಿಲ್ಲ. ಲಿನಕ್ಸ್ ಬಳಸುವವರು ಬೆರಳೆಣಿಕೆಯಷ್ಟು, ಅವರ ಮಾತು ಯಾರು ಕೇಳುತ್ತಾರೆ?

ಕೇಳಿಸಿದ್ದು ಫೋನು. ಫೋನಿನಲ್ಲಿ ಯಾರೂ ಡ್ರೈವರ್ ಹಾಕಿಕೊಳ್ಳುವುದಿಲ್ಲ, ಸಿಡಿ ತೂರಿಸಲು ಜಾಗವೂ ಇಲ್ಲ. 2010ರ ಕೊನೆಗೆ ಆಪಲ್ ತನ್ನ ಫೋನುಗಳಿಗೆ ಏರ್‌ಪ್ರಿಂಟ್ ತಂದಿತು. ಅದರ ಒಳಗಿರುವುದು ಐಪಿಪಿಯೇ. 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ ಮೊಪ್ರಿಯಾ ಎಂಬ ಕೂಟ ಕಟ್ಟಿದವು. ಆಂಡ್ರಾಯ್ಡ್ ಫೋನುಗಳಿಗೂ ಅದೇ ದಾರಿ ಆಯಿತು. ಹಿಂದೆ ಗುಟ್ಟಿನ ಭಾಷೆಗಳನ್ನು ಹುಟ್ಟಿಸಿದ ಕಂಪನಿಗಳೇ ಒಟ್ಟಿಗೆ ಕೂತು ಎಲ್ಲರಿಗೂ ತಿಳಿಯುವ ಭಾಷೆಗೆ ಒಪ್ಪಿದವು, ಯಾಕೆಂದರೆ ಫೋನಿನಿಂದ ಮುದ್ರಿಸಲಾಗದ ಪ್ರಿಂಟರನ್ನು ಮಾರುವುದು ಕಷ್ಟವಾಗುತ್ತಿತ್ತು. ಲಿನಕ್ಸಿಗೆ ಇದು ನೆರೆಮನೆಯ ಮದುವೆಯಲ್ಲಿ ಸಿಕ್ಕಿದ ಊಟ. ಓಪನ್‌ಪ್ರಿಂಟಿಂಗ್ ಎಂಬ ಗುಂಪಿನಲ್ಲಿ ಟಿಲ್ ಕಾಂಪೆಟರ್ ಮುಂತಾದವರು, 2019ರಲ್ಲಿ ಆಪಲ್ ಬಿಟ್ಟ ನಂತರ ಮೈಕೆಲ್ ಸ್ವೀಟ್ ಕೂಡ, ಈಗ ಕಪ್ಸನ್ನು ನೋಡಿಕೊಳ್ಳುತ್ತಾರೆ. ಮುಂದಿನ ಕಪ್ಸ್‌ನಲ್ಲಿ ಹಳೆಯ ಶೈಲಿಯ ಡ್ರೈವರುಗಳಿಗೆ ನೇರ ಜಾಗವೇ ಇರುವುದಿಲ್ಲ. ಮೈಕ್ರೋಸಾಫ್ಟ್ ಕೂಡ 2023ರಲ್ಲಿ, ಕಂಪನಿಗಳ ಪ್ರತ್ಯೇಕ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸಿ ಇದೇ ದಾರಿಗೆ ಬರುವುದಾಗಿ ಹೇಳಿತು.

ಹೀಗಾಗಿ ಲಿನಕ್ಸಿನಲ್ಲಿ ಪ್ರಿಂಟರ್ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಈಗ ಯಂತ್ರದ ವಯಸ್ಸು ನೋಡಿ ಉತ್ತರ ಹೇಳಬಹುದು. ಫೋನಿನಿಂದ ಮುದ್ರಿಸಲು ಬರುವ ಯಂತ್ರವಾದರೆ ಮನೆಯ ವೈಫೈಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರ್ ತೆರೆಯಿರಿ. ಬಹುಮಟ್ಟಿಗೆ ಹೆಸರು ತಾನೇ ಬಂದು ಕೂತಿರುತ್ತದೆ. ಇತ್ತೀಚಿನ ಹಲವು ಮಾದರಿಗಳು ಯುಎಸ್‌ಬಿ ತಂತಿಯಲ್ಲೂ ಐಪಿಪಿ ಆಡುತ್ತವೆ. ಹೆಸರು ಬಂದೂ ಮುದ್ರಣವಾಗದಿದ್ದರೆ ಡ್ರೈವರನ್ನು ಬೈಯುವ ಮುಂಚೆ ಕಾಗದದ ಅಳತೆ ನೋಡುವುದು ಒಳ್ಳೆಯದು. ಎಲ್ಲೋ ಒಂದು ಕಡೆ ಅಮೆರಿಕದ ಲೆಟರ್ ಅಳತೆ ಉಳಿದುಕೊಂಡಿರುತ್ತದೆ, ತಟ್ಟೆಯಲ್ಲಿ ಎ4 ಇರುತ್ತದೆ, ಪ್ರಿಂಟರ್ ಬರಲಾರದ ಕಾಗದಕ್ಕಾಗಿ ದೀಪ ಮಿಟುಕಿಸುತ್ತ ಕಾಯುತ್ತಿರುತ್ತದೆ. (ನಮ್ಮ ಸುಪ್ರೀಂ ಕೋರ್ಟ್ ಉದ್ದನೆಯ ಲೀಗಲ್ ಕಾಗದ ಬಿಟ್ಟು ಎ4ಗೆ ಬಂದಿದ್ದೇ 2020ರಲ್ಲಿ, ಒಪ್ಪಂದಗಳು ಎಲ್ಲ ಕಡೆಯೂ ನಿಧಾನ.) ತಾನಾಗಿ ಪ್ರಿಂಟರ್ ಹುಡುಕಿಕೊಳ್ಳುವ ಸುಖಕ್ಕೂ ಬೆಲೆಯಿದೆ. ಹಾಗೆ ಹುಡುಕುವ ಭಾಗದಲ್ಲಿದ್ದ ಬಿರುಕುಗಳನ್ನು 2024ರ ಸೆಪ್ಟೆಂಬರಿನಲ್ಲಿ ಸಿಮೋನೆ ಮಾರ್ಗರಿತೆಲ್ಲಿ ಎಂಬ ಸಂಶೋಧಕ ಬಯಲಿಗೆಳೆದಾಗ ಲಿನಕ್ಸ್ ಲೋಕ ಒಂದು ವಾರ ನಿದ್ದೆಗೆಟ್ಟಿತ್ತು. ಸರಿಪಡಿಸಿದರು, ಅಪ್‌ಡೇಟ್ ಮಾಡದ ಯಂತ್ರಗಳಲ್ಲಿ ಬಿರುಕು ಹಾಗೇ ಇದೆ.

ಹಾಗಾದರೆ ಲಂಕಾದ ಅಂಗಡಿಯವರು ಹಳೆಯದನ್ನು ಗುಜರಿಗೆ ಹಾಕಿ ಹೊಸ ಪ್ರಿಂಟರ್ ತರಬೇಕೇ? ಲಿನಕ್ಸ್ ಅಭಿಮಾನಿಗಳ ಉಪದೇಶ ಮುಗ್ಗರಿಸುವುದು ಇಲ್ಲಿಯೇ. 2900ರ ಮಾತು ಗುಟ್ಟಿನದಾದರೂ ಅದರ ಹೊಟ್ಟೆ ಮುಕ್ತ. ಕಾರ್ಟ್ರಿಡ್ಜಿನಲ್ಲಿ ಚಿಪ್ಪಿಲ್ಲ. ಪಕ್ಕದ ಗಲ್ಲಿಯ ಹುಡುಗ ಬಂದು, ತೂತಿನಿಂದ ಪುಡಿ ಸುರಿದು, ಹೊಸ ಕಾರ್ಟ್ರಿಡ್ಜಿನ ಬೆಲೆಯ ಸಣ್ಣ ಪಾಲಿಗೆ ತುಂಬಿಕೊಟ್ಟು ಹೋಗುತ್ತಾನೆ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ, ರಿಪೇರಿ ಬಲ್ಲವರು ಪ್ರತಿ ಊರಿನಲ್ಲಿದ್ದಾರೆ. ಹೊಸ ಪ್ರಿಂಟರುಗಳಲ್ಲಿ ಎಷ್ಟೋ ಮಾದರಿಗಳು ಎಲ್ಲರ ಭಾಷೆ ಆಡುತ್ತವೆ, ಆದರೆ ಹೊಟ್ಟೆಗೆ ಬೀಗ ಹಾಕಿಕೊಂಡಿರುತ್ತವೆ: ಕಂಪನಿಯ ಚಿಪ್ಪಿಲ್ಲದ ಕಾರ್ಟ್ರಿಡ್ಜನ್ನು ನಿರಾಕರಿಸುವ ವ್ಯವಸ್ಥೆಯನ್ನು ಎಚ್‌ಪಿ 'ಡೈನಮಿಕ್ ಸೆಕ್ಯುರಿಟಿ' ಎಂಬ ಹೆಸರಿನಲ್ಲಿ ಬಹಿರಂಗವಾಗಿಯೇ ನಡೆಸುತ್ತಿದೆ. ಒಂದು ಕಡೆ ಬಾಯಿಗೆ ಬೀಗ, ಇನ್ನೊಂದು ಕಡೆ ಹೊಟ್ಟೆಗೆ. ಪುಟಕ್ಕೆ ಒಂದೆರಡು ರೂಪಾಯಿ ದುಡಿಯುವ ಅಂಗಡಿಯವರು ಬಾಯಿಯ ಬೀಗವನ್ನೇ ಆರಿಸಿಕೊಂಡು, ಪ್ರಿಂಟರಿಗಾಗಿ ಒಂದು ಹಳೆಯ ವಿಂಡೋಸ್ ಯಂತ್ರವನ್ನು ಮೂಲೆಯಲ್ಲಿ, ಇಂಟರ್ನೆಟ್ ಸೋಂಕದಂತೆ ಉಳಿಸಿಕೊಂಡರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಬಾಟಲಿಯಿಂದ ಮಸಿ ಸುರಿಯುವ ಇಂಕ್‌ಟ್ಯಾಂಕ್ ಮಾದರಿಗಳಲ್ಲಿ ಬಾಯಿ, ಹೊಟ್ಟೆ ಎರಡೂ ಸಾಕಷ್ಟು ತೆರೆದಿವೆ. ಮನೆಗೆ ಅವು ಒಳ್ಳೆಯ ಉತ್ತರ. ಪ್ರಬಂಧ ಸಲ್ಲಿಸುವ ಕೊನೆಯ ವಾರದ ಅಂಗಡಿಗೆ ಲೇಸರಿನ ವೇಗವೇ ಬೇಕು.

ಕನ್ನಡಿಗರಿಗೆ ಈ ಕತೆ ಹೊಸದಾಗಿ ಕೇಳಿಸಬಾರದು. ಶ್ರೀಲಿಪಿ, ಆಕೃತಿ, ಪ್ರಕಾಶಕ, ನುಡಿ ಅಂತ ಒಂದೊಂದು ತಂತ್ರಾಂಶವೂ ಅಕ್ಷರಗಳನ್ನು ತನ್ನದೇ ಸಂಕೇತದಲ್ಲಿ ಕೂಡಿಸಿಡುತ್ತಿದ್ದ ದಿನಗಳು ಬಹಳ ಹಿಂದಿನವಲ್ಲ. ಒಂದರಲ್ಲಿ ಬೆರಳಚ್ಚಿಸಿದ ಕಾದಂಬರಿ ಇನ್ನೊಂದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ಪ್ರಕಾಶಕರ ಹಳೆಯ ಸಿಡಿಗಳಲ್ಲಿ ಹಾಗೆ ಕೂತ ಪುಸ್ತಕಗಳು ಇಂದಿಗೂ ಇವೆ. ಮರುಮುದ್ರಣಕ್ಕೆ ಮತ್ತೆ ಕೂತು ಬೆರಳಚ್ಚಿಸುವುದೇ ಸುಲಭ ಎನ್ನುವ ಸ್ಥಿತಿ. ಯೂನಿಕೋಡ್ ಬಂದು ಆ ತಗಾದೆ ತಣ್ಣಗಾದ ಮೇಲೆ ಕನ್ನಡ ಫೈಲನ್ನು ವಾರಣಾಸಿಯ ಗಲ್ಲಿಯಲ್ಲಿ ತೆರೆಯಲು ಭಯಪಡಬೇಕಿಲ್ಲ. ಅಂಗಡಿಯ ಯಂತ್ರದಲ್ಲಿ ಗುಬ್ಬಿ, ನವಿಲು, ಲೋಹಿತ್, ನೋಟೋ ಯಾವ ಕನ್ನಡ ಫಾಂಟ್ ಇದ್ದರೂ ಬರಹ ಕಾಣುತ್ತದೆ. ಪುಟದ ಅಂದ ಕೆಡಬಾರದೆಂದರೆ ಫಾಂಟ್ ಒಳಗೇ ಅಡಗಿರುವ ಪಿಡಿಎಫ್ ಒಯ್ದರಾಯಿತು. ಫೈಲಿನ ಮಟ್ಟದಲ್ಲಿ ಕಲಿತ ಈ ಪಾಠವನ್ನು ನಾವು ಯಂತ್ರದ ಮಟ್ಟದಲ್ಲಿ ಯಾಕೆ ಮರೆತುಬಿಡುತ್ತೇವೆ?

ಮರೆಯುವವರಲ್ಲಿ ಸರ್ಕಾರವೇ ಮೊದಲು. ಇ-ಆಡಳಿತದಲ್ಲಿ ಮುಕ್ತ ಮಾನಕಗಳ ಬಗ್ಗೆ ಕೇಂದ್ರ ಸರ್ಕಾರ 2010ರಲ್ಲಿ ಒಂದು ನೀತಿ ತಂದಿತು, ಮುಕ್ತ ತಂತ್ರಾಂಶ ಅಳವಡಿಕೆಯ ಬಗ್ಗೆ 2015ರಲ್ಲಿ ಇನ್ನೊಂದು. ಸಿಡ್ಯಾಕ್ ರೂಪಿಸಿದ ಬಾಸ್ ಎಂಬ ದೇಶೀ ಲಿನಕ್ಸ್ 2007ರಿಂದಲೂ ಇದೆ. ಆದರೆ ಈ ಮಾತುಗಳು ತಾಲ್ಲೂಕು ಕಚೇರಿಯ ಮೂಲೆಯ ಪ್ರಿಂಟರಿನವರೆಗೆ ಇಳಿದುಬಂದಂತೆ ಕಾಣುವುದಿಲ್ಲ. ಖರೀದಿಯ ಷರತ್ತುಗಳಲ್ಲಿ ನಿಮಿಷಕ್ಕೆ ಎಷ್ಟು ಪುಟ ಎಂದು ಕೇಳಲಾಗುತ್ತದೆ. ಯಾವ ಭಾಷೆ ಆಡುತ್ತದೆ ಎಂದು ಕೇಳಿದರೆ ಖರ್ಚೇನೂ ಹೆಚ್ಚಾಗದು. ದೊಡ್ಡ ಗ್ರಾಹಕ ಕೇಳಿದರೆ ಏನಾಗುತ್ತದೆಂದು ನೋಡಲು ಕಾಸರಗೋಡಿಗೆ ಹೋಗಬಹುದು. ಕೇರಳದ ಸರ್ಕಾರಿ ಶಾಲೆಗಳಲ್ಲೆಲ್ಲ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ, ಕೈಟ್ ಸಂಸ್ಥೆ ಸಿದ್ಧಪಡಿಸಿದ ಗ್ನು/ಲಿನಕ್ಸ್ ಇದೆ. ಅಲ್ಲಿಯ ಕನ್ನಡದ ಮಕ್ಕಳಿಗೆ ಕಂಪ್ಯೂಟರ್ ಎಂದರೆ ಅದೇ. ಇಡೀ ರಾಜ್ಯದ ಶಾಲೆಗಳು ಒಂದೇ ಬಗೆಯ ಯಂತ್ರವ್ಯವಸ್ಥೆ ಬಳಸುವಾಗ, ಆ ಶಾಲೆಗಳಿಗೆ ಪ್ರಿಂಟರ್ ಮಾರಬಯಸುವವರು ಡ್ರೈವರಿನ ಚಿಂತೆಯನ್ನು ತಾವೇ ಮಾಡಬೇಕಾಗುತ್ತದೆ, ಮೇಷ್ಟರಲ್ಲ. ಗಡಿ ದಾಟಿ ಈಚೆಯ ಮಂಗಳೂರಿಗೆ ಬಂದರೆ ಚಿಂತೆ ಮತ್ತೆ ಕೊಂಡವರದೇ.

ಸರ್ಕಾರ ಕೇಳುವವರೆಗೆ ಅಂಗಡಿಯಲ್ಲಿ ನಿಂತವರು ಡಬ್ಬಿಯನ್ನು ತಿರುಗಿಸಿ ನೋಡಬಹುದು. ಪ್ರಿಂಟರಿನ ಡಬ್ಬಿಯ ಮೇಲೆ 'ಲಿನಕ್ಸ್' ಎಂಬ ಪದ ಸಿಗುವುದು ಅಪರೂಪ, ಹುಡುಕಿ ಪ್ರಯೋಜನವಿಲ್ಲ. ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಎಂಬ ಗುರುತು ಇದೆಯೇ ನೋಡಬೇಕು. ಇದ್ದರೆ ಲಿನಕ್ಸಿನಲ್ಲೂ ನಡೆಯುತ್ತದೆ ಎಂದು ಹೆಚ್ಚುಕಮ್ಮಿ ಧೈರ್ಯವಾಗಿ ಹೇಳಬಹುದು. ಆಮೇಲೆ ಅಂಗಡಿಯವರನ್ನು ಇನ್ನೊಂದು ಮಾತು ಕೇಳಬೇಕು: "ಇದರ ಕಾರ್ಟ್ರಿಡ್ಜ್ ರೀಫಿಲ್ ಆಗುತ್ತಾ?"